ನಾಯಿ ಹುಗ್ಗಿ ತಿಂದಾಗ: ಬೇದಾಣೆ ಸೀಮೆಯವರು ತಿಳಿದಿರಬೇಕಾದ ಮಾತು



ನಮ್ಮ ಕಡೆ ಬೇದಾಣೆಯ ಹಂಗಾಮು ಮುಗಿಯುತ್ತಿದ್ದಂತೆಯೇ ಮದುವೆ, ಜಾತ್ರೆಗಳು ಸುರುವಾಗುತ್ತವೆ. ಮನೆಯ ಮೂಲೆಯಲ್ಲಿ ಒಣದ್ರಾಕ್ಷಿಯ ಪೆಟ್ಟಿಗೆ, ಒಲೆಯ ಮೇಲೆ ಗೋಧಿ ಹುಗ್ಗಿ, ಬಾಗಿಲಲ್ಲಿ ನಾಯಿ. ಈ ಮೂರೂ ಒಟ್ಟಿಗೆ ಇರುವ ದಿನಗಳಿವು. ಅದಕ್ಕೇ ಈ ಸಲ ಸಂಘದ ಪುಟದಲ್ಲಿ ಈ ವಿಷಯ ಬರೆಯುತ್ತಿದ್ದೇನೆ. ನಾಯಿಗೆ ದ್ರಾಕ್ಷಿ ಆಗುವುದಿಲ್ಲ, ಒಣದ್ರಾಕ್ಷಿಯಂತೂ ಇನ್ನೂ ಆಗುವುದಿಲ್ಲ. ಇದು ಪ್ಯಾಟಿ ಮಂದಿಯ ನಾಜೂಕಿನ ಮಾತು ಎಂದು ತಳ್ಳಿಹಾಕುವವರಿದ್ದಾರೆ. ನಾನೂ ಹಿಂದೆ ಹಾಗೇ ಅಂದುಕೊಂಡವನು, ನಾಯಿಗೆ ಕೈಯಾರೆ ನಾಲ್ಕು ಬೇದಾಣೆ ಹಾಕಿದವನೇ.

ಜತ್ತ ತಾಲೂಕಿನ ಕುಣಿಕೋಣೂರಿನಲ್ಲಿ ಒಂದು ಮದುವೆ ಎಂದಿಟ್ಟುಕೊಳ್ಳಿ. ಊಟ ಮುಗಿದಿದೆ, ಬೀಗರು ಟೆಂಪೋ ಹತ್ತುತ್ತಿದ್ದಾರೆ. ಹುಗ್ಗಿಯ ಬೋಗುಣಿಯ ತಳದಲ್ಲಿ ತುಪ್ಪ, ಗೋಡಂಬಿ, ಉಬ್ಬಿದ ಬೇದಾಣೆ ಉಳಿದಿವೆ. ಯಾರೂ ನೋಡದಿದ್ದಾಗ ಮನೆಯ ನಾಯಿ ಬೋಗುಣಿಯನ್ನು ನೆಕ್ಕಿ ಬೆಳಗಿಟ್ಟಿತು. ಒಂದಿಷ್ಟು ಹೊತ್ತು ಬಾಲ ಅಲ್ಲಾಡಿಸಿಕೊಂಡು ಓಡಾಡಿತು. ರಾತ್ರಿ ಒಂದೆರಡು ಸಲ ವಾಂತಿ ಮಾಡಿಕೊಂಡಿತು. ಮನೆಯವರು ಏನೆನ್ನುತ್ತಾರೆ? ‘ತುಪ್ಪ ಜಾಸ್ತಿ ಆತು, ಕಕ್ಕಿ ಹಗುರಾತು ಬಿಡು.’ ಮರುದಿನ ನಾಯಿ ಮಂಕಾಗಿ ಮಲಗಿದೆ, ರೊಟ್ಟಿ ಮೂಸುವುದಿಲ್ಲ, ನೀರು ಮಾತ್ರ ಕುಡಿಯುತ್ತದೆ. ಬಿಸಿಲಿಗೆ ಸುಸ್ತಾಗಿದೆ ಎನ್ನುತ್ತಾರೆ. ಮೂರನೆಯ ದಿನ ಅದು ಮೂತ್ರ ಮಾಡುವುದೇ ನಿಲ್ಲುತ್ತದೆ. ಆಗ ಡಾಕ್ಟರಿಗೆ ಫೋನು ಹೋಗುತ್ತದೆ.

ಒಣದ್ರಾಕ್ಷಿಯ ವಿಷ ಕೆಲಸ ಮಾಡುವುದು ಹೀಗೆಯೇ. ಹಾವು ಕಚ್ಚಿದಂತೆ, ಇಲಿ ಪಾಷಾಣ ತಿಂದಂತೆ ಕೂಡಲೇ ಬಿದ್ದು ಒದ್ದಾಡುವುದಿಲ್ಲ. ವಾಂತಿ ಸಾಮಾನ್ಯವಾಗಿ ಮೊದಲ 24 ತಾಸಿನೊಳಗೆ ಬರುತ್ತದೆ. ಮೂತ್ರಪಿಂಡ ಕೆಡುತ್ತಿರುವುದು ಹೊರಗೆ ಕಾಣಿಸಿಕೊಳ್ಳುವುದು 24ರಿಂದ 72 ತಾಸಿನ ನಡುವೆ. ನಾಯಿಯನ್ನು ಉಳಿಸಿಕೊಳ್ಳಲು ಸುಲಭವಾದ ಹೊತ್ತು ಎಂದರೆ ಅದು ಇನ್ನೂ ಚೆನ್ನಾಗಿಯೇ ಕಾಣುತ್ತಿರುವ ಮೊದಲ ಕೆಲವು ತಾಸು. ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ.

ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತದೆ ಎಂದು ಅಮೆರಿಕದ ಪ್ರಾಣಿ ವಿಷ ಸಹಾಯ ಕೇಂದ್ರದವರು 2001ರಲ್ಲಿ ಅಲ್ಲಿಯ ಪಶುವೈದ್ಯ ಪತ್ರಿಕೆಯಲ್ಲಿ ಬರೆದರು. ಕಾರಣ ಮಾತ್ರ ಮುಂದೆ ಇಪ್ಪತ್ತು ವರ್ಷ ಯಾರಿಗೂ ಹೊಳೆಯಲಿಲ್ಲ. ಔಷಧ ಸಿಂಪಡಣೆ ಇರಬಹುದೇ, ಬೂಸ್ಟು ಇರಬಹುದೇ ಎಂದು ಹುಡುಕಿದರು. ಸಾವಯವ ದ್ರಾಕ್ಷಿ, ಮನೆಯಂಗಳದ ದ್ರಾಕ್ಷಿ ತಿಂದ ನಾಯಿಗಳೂ ಹಾಸಿಗೆ ಹಿಡಿದಿದ್ದವು. ಆಮೇಲೆ ಒಂದು ನಾಯಿ ಮಕ್ಕಳ ಆಟಕ್ಕೆಂದು ಮನೆಯಲ್ಲಿ ಮಾಡಿದ ಹಿಟ್ಟಿನ ಮುದ್ದೆ ತಿಂದು ಥೇಟ್ ಅದೇ ರೀತಿ ಕಾಯಿಲೆ ಬಿತ್ತು. ಆ ಹಿಟ್ಟಿನಲ್ಲಿ ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಇತ್ತು. ಅದು ಟಾರ್ಟಾರಿಕ್ ಆಮ್ಲದ ಲವಣ, ದ್ರಾಕ್ಷಿಯ ಹುಳಿಯೂ ಅದೇ ಆಮ್ಲ. 2021ರಲ್ಲಿ ಅದೇ ಕೇಂದ್ರದ ವೈದ್ಯರು ಈ ಎಳೆಯನ್ನು ಹಿಡಿದು ಬರೆದರು, 2022ರಲ್ಲಿ ವಿವರವಾದ ಲೇಖನ ಬಂತು. ನಾವೂ ದ್ರಾಕ್ಷಿಯನ್ನು ಬಟ್ಟಲುಗಟ್ಟಲೆ ತಿನ್ನುತ್ತೇವಲ್ಲ ಎಂದರೆ, ನಮ್ಮ ದೇಹ ಈ ಆಮ್ಲವನ್ನು ಹೊರಹಾಕಬಲ್ಲದು. ನಾಯಿಯ ಮೂತ್ರಪಿಂಡದ ಕೋಶಗಳಿಗೆ ಆ ಶಕ್ತಿ ಕಡಿಮೆ, ಅದು ಒಳಗೇ ಕೂಡಿಕೊಂಡು ಕೋಶಗಳನ್ನು ಕೊಲ್ಲುತ್ತದೆ ಎಂಬುದು ಈಗಿನ ತಿಳಿವಳಿಕೆ.

ಆ ಲೇಖನದಲ್ಲಿ ನಮ್ಮ ಮಂದಿ ಗಮನಿಸಬೇಕಾದ ಇನ್ನೊಂದು ಪದಾರ್ಥವಿದೆ: ಹುಣಸೆಹಣ್ಣು. ಹುಣಸೆಯಲ್ಲೂ ಟಾರ್ಟಾರಿಕ್ ಆಮ್ಲ ಧಾರಾಳ. ಹುಣಸೆ ತಿಂದ ನಾಯಿಗಳಲ್ಲೂ ಇದೇ ಮೂತ್ರಪಿಂಡದ ಕಾಯಿಲೆ ಕಂಡಿದೆ. ಮಕ್ಕಳು ಬೆಲ್ಲ, ಜೀರಿಗೆ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಚೀಪುವ ಹುಣಸೆ ಚಿಗಳಿ ನಾಯಿಯ ಬಾಯಿಗೆ ಬೀಳಬಾರದು.

‘ನಮ್ಮ ತೋಟದ ವಸ್ತಿಯ ನಾಯಿ ವರ್ಷಾನುಗಟ್ಟಲೆ ಪಡಕದ ಕೆಳಗೆ ಬಿದ್ದ ಕಾಳು ತಿಂತದ, ಏನೂ ಆಗಿಲ್ಲ’ ಎಂದು ನಿಮ್ಮಲ್ಲಿ ಕೆಲವರು ಈಗ ಅಂದುಕೊಳ್ಳುತ್ತಿರಬಹುದು. ಸುಳ್ಳಲ್ಲ, ಎಲ್ಲ ನಾಯಿಗೂ ಆಗುವುದಿಲ್ಲ. ಹಣ್ಣಿನಲ್ಲಿ ಆಮ್ಲ ಎಷ್ಟಿದೆ ಎಂಬುದು ತಳಿಯ ಮೇಲೆ, ಹಣ್ಣಾದ ಹದದ ಮೇಲೆ, ನೆಲ ಮತ್ತು ಹವೆಯ ಮೇಲೆ ಹೋಗುತ್ತದೆ. ಥಾಮ್ಸನ್, ಸೋನಾಕಾ, ತಾಸ್-ಎ-ಗಣೇಶ ಬೆಳೆಯುವವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಒಂದೇ ತೋಟದ ಎರಡು ಸಾಲಿನ ಹುಳಿ ಬೇರೆ ಎಂದು ನಾಲಿಗೆಯಲ್ಲೇ ಹೇಳಬಲ್ಲವರು ನೀವು. ಜತೆಗೆ ನಾಯಿ ನಾಯಿಗೂ ತಡೆಯುವ ಶಕ್ತಿ ಬೇರೆ. ಹೋದ ವರ್ಷ ದಕ್ಕಿದ್ದು ಈ ವರ್ಷ ದಕ್ಕುತ್ತದೆ ಎನ್ನುವ ಹಾಗಿಲ್ಲ, ಅಣ್ಣನಿಗೆ ದಕ್ಕಿದ್ದು ತಮ್ಮನಿಗೆ ದಕ್ಕುತ್ತದೆ ಎಂದೂ ಅಲ್ಲ.

ಇಷ್ಟು ತಿಂದರೆ ಚಿಂತೆಯಿಲ್ಲ ಎಂಬ ಗೆರೆಯನ್ನು ವೈದ್ಯರು ಎಳೆದಿಲ್ಲ. ಆದರೂ ಅಂದಾಜಿಗೆ ಎರಡು ಸಂಖ್ಯೆ ಇವೆ. ಮೂತ್ರಪಿಂಡ ಕೆಟ್ಟ ನಾಯಿಗಳ ಹಳೆಯ ದಾಖಲೆಗಳಲ್ಲಿ ಅತಿ ಕಡಿಮೆ ಪ್ರಮಾಣ ಎಂದರೆ ನಾಯಿಯ ತೂಕದ ಪ್ರತಿ ಕಿಲೋಗೆ ಹಸಿ ದ್ರಾಕ್ಷಿ 20 ಗ್ರಾಂ, ಒಣದ್ರಾಕ್ಷಿ 3 ಗ್ರಾಂ ಆಸುಪಾಸು. ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಸುಮಾರು ಒಂದು ಕಿಲೋ ಬೇದಾಣೆ ಆಗುತ್ತದೆ ಎಂಬುದು ನಮ್ಮ ಶೆಡ್ಡಿನ ಲೆಕ್ಕ. ನೀರು ಆರಿಹೋಗುತ್ತದೆ, ಹುಳಿ ಅಲ್ಲೇ ಉಳಿಯುತ್ತದೆ. 15 ಕಿಲೋ ತೂಗುವ ಊರನಾಯಿಗೆ 45 ಗ್ರಾಂ ಒಣದ್ರಾಕ್ಷಿ ಎಂದರೆ ಒಂದು ಹಿಡಿ. ಐದು ಕಿಲೋದ ಪಮೇರಿಯನ್‌ಗೆ 15 ಗ್ರಾಂ, ಎಣಿಸಿದರೆ ಮೂವತ್ತು ಕಾಳೂ ಆಗಲಿಕ್ಕಿಲ್ಲ.

ಇದರಿಂದ ಒಂದು ಸಮಾಧಾನವೂ ಇದೆ. ಎಲೆಯ ಮೇಲೆ ಉಳಿದ ಒಂದು ತುತ್ತು ಹುಗ್ಗಿಯಲ್ಲಿ ನಾಲ್ಕೈದು ಕಾಳು ಇರಬಹುದು. ದೊಡ್ಡ ಮುಧೋಳ ನಾಯಿ, ಕಾರವಾನಿ ನಾಯಿ ಅದನ್ನು ತಿಂದರೆ ಎದೆ ಒಡೆದುಕೊಳ್ಳಬೇಕಿಲ್ಲ. ಆದರೂ ಫೋನು ಮಾಡಿ ಕೇಳಿ, ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ. ಬೋಗುಣಿಯ ತಳ ನೆಕ್ಕಿದ್ದರೆ, ಶಿರಕುರಮದ ಪಾತ್ರೆಗೆ ಬಾಯಿ ಹಾಕಿದ್ದರೆ, ಲಾಡುವಿನ ಡಬ್ಬಿ ಕೆಡವಿದ್ದರೆ ಮಾತು ಬೇರೆ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಬೇದಾಣೆಯ ಪೆಟ್ಟಿಗೆಗೇ ಬಾಯಿ ಹಾಕಿದ ನಾಯಿಗೆ. ಅಲ್ಲಿ ಹಿಡಿಯ ಲೆಕ್ಕ ನಡೆಯುವುದಿಲ್ಲ.

ಹಾಗಾದರೆ ಕೂಡಲೇ ಏನು ಮಾಡಬೇಕು? ಮೊದಲು ಉಳಿದದ್ದನ್ನು ನಾಯಿಯಿಂದ ದೂರ ಎತ್ತಿಡಿ, ನಾಯಿಯನ್ನು ಕಟ್ಟಿಹಾಕಿ. ಮನೆಯಲ್ಲಿ ಎರಡನೆಯ ನಾಯಿ ಇದ್ದರೆ ಅದನ್ನೂ ಕಟ್ಟಿ, ಯಾವುದು ಎಷ್ಟು ತಿಂದಿತು ಎಂದು ನಿಮಗೆ ಗೊತ್ತಿರುವುದಿಲ್ಲ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಹುಗ್ಗಿಗೆ ಎಷ್ಟು ಬೇದಾಣೆ ಹಾಕಿದ್ದಿರಿ, ಎಷ್ಟು ಉಳಿದಿತ್ತು ಎಂದು ಅಡುಗೆ ಮಾಡಿದವರನ್ನು ಕೇಳಿ. ಆ ಗದ್ದಲದಲ್ಲಿ ಇದನ್ನು ಕೇಳುವುದು ಬೇಸರದ ಕೆಲಸ, ಆದರೆ ಡಾಕ್ಟರು ಮೊದಲು ಕೇಳುವುದು ಇದನ್ನೇ. ಆಮೇಲೆ ನಾಯಿಯ ತೂಕ. ನಾಯಿಯನ್ನು ಎತ್ತಿಕೊಂಡು ಕಾಟಾದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯಿತು. ಬೇದಾಣೆ ಶೆಡ್ಡು ಇರುವವರ ಮನೆಯಲ್ಲಿ ಕಾಟಾ ಇಲ್ಲ ಎನ್ನುವ ಹಾಗಿಲ್ಲ. ಅಂಗಡಿಯ ಸಿಹಿಯಾದರೆ ಅದರ ಡಬ್ಬಿ ಅಥವಾ ಚೀಟಿ ಇಟ್ಟುಕೊಳ್ಳಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಹನ್ನೊಂದನೆಯ ನಿಮಿಷಕ್ಕೆ ಫೋನು ಕೈಯಲ್ಲಿರಲಿ.

ನಮ್ಮಲ್ಲಿ ನಾಯಿಗಳು ಹಾಳಾಗುವುದು ಈ ಫೋನಿನ ಬದಲು ಮಾಡುವ ಮನೆಮದ್ದಿನಿಂದ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುತ್ತಾರೆ. ಹೆಚ್ಚು ಉಪ್ಪು ನಾಯಿಗೆ ತಾನೇ ಒಂದು ವಿಷ. ರಕ್ತದಲ್ಲಿ ಸೋಡಿಯಂ ಏರಿ ನಡುಕ, ಫಿಟ್ಸ್ ಬರುತ್ತದೆ. ಎಣ್ಣೆ, ಮಜ್ಜಿಗೆ, ಬೆಲ್ಲದ ನೀರನ್ನು ಗೊಟ್ಟದಲ್ಲಿ ಎತ್ತಿಗೆ ಹೊಯ್ದಂತೆ ನಾಯಿಯ ಬಾಯಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹುಣಸೆ ನೀರು ಕುಡಿಸಿದರಂತೂ ಯಾವ ಆಮ್ಲದಿಂದ ಉಳಿಸಬೇಕೋ ಅದನ್ನೇ ಇನ್ನಷ್ಟು ಹೊಟ್ಟೆಗೆ ಹಾಕಿದಂತೆ. ಗಂಟಲಿಗೆ ಬೆರಳು ಹಾಕಬೇಡಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ರೇಬೀಸ್ ಲಸಿಕೆಗೆ ನೀವೇ ಓಡಬೇಕು. ಹೊಟ್ಟೆನೋವಿರಬಹುದು ಎಂದು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆ ಕೊಡಲೇಬೇಡಿ. ನಾಯಿಗೆ ಇವೂ ವಿಷವೇ. ಅದರಲ್ಲೂ ಕೊನೆಯ ಎರಡು ಮೂತ್ರಪಿಂಡಕ್ಕೇ ಹೊಡೆತ ಕೊಡುತ್ತವೆ.

ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಎಂದು ವಾಟ್ಸಪ್ಪಿನಲ್ಲಿ ಓದಿದವರಿಗೆ ಒಂದು ಮಾತು. ದವಾಖಾನೆ ದೂರವಿದ್ದಾಗ ಕೆಲವು ಪಶುವೈದ್ಯರು ಫೋನಿನಲ್ಲಿ ಅದನ್ನು ಹೇಳುವುದುಂಟು. ಅವರು ಹೇಳುವುದು 3 ಪ್ರತಿಶತದ್ದು. ನಮ್ಮ ಔಷಧದಂಗಡಿಯಲ್ಲಿ ಗಾಯ ತೊಳೆಯಲು ಸಾಮಾನ್ಯವಾಗಿ ಕೊಡುವ ಬಾಟಲಿ 6 ಪ್ರತಿಶತದ್ದು, ಹೊಟ್ಟೆಯ ಒಳಪದರ ಸುಡುವಷ್ಟು ಕಟುವಾದದ್ದು. ಡಾಕ್ಟರು ಫೋನಿನ ಆ ಕಡೆ ಇದ್ದು, ತೂಕ ಕೇಳಿ, ಬಾಟಲಿಯ ಮೇಲಿನ ಅಂಕಿ ಓದಿಸಿ, ಅಳತೆ ಹೇಳಿದರೆ ಮಾತ್ರ ಮಾಡಿ. ನಾಯಿ ಮಂಕಾಗಿದ್ದರೆ, ತೂರಾಡುತ್ತಿದ್ದರೆ, ನಡುಗುತ್ತಿದ್ದರೆ ವಾಂತಿ ಮಾಡಿಸುವ ಯಾವ ಪ್ರಯತ್ನವೂ ಬೇಡ.

ಫೋನು ಯಾರಿಗೆ? ನಿಮ್ಮ ಊರಿನ ಅಥವಾ ಹೋಬಳಿಯ ಪಶುವೈದ್ಯರ ನಂಬರು ಈಗಲೇ ಬರೆದಿಟ್ಟುಕೊಳ್ಳಿ, ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಎಂಬ ಉಚಿತ ನಂಬರು ಮಹಾರಾಷ್ಟ್ರದಲ್ಲೂ ಇದೆ, ಕರ್ನಾಟಕದಲ್ಲೂ ಇದೆ. ಅದು ಮುಖ್ಯವಾಗಿ ದನ, ಎಮ್ಮೆ, ಕುರಿಗಳಿಗೆ ಇರುವ ಸೇವೆ. ಗಾಡಿ ಬಾರದಿದ್ದರೂ ಹತ್ತಿರದ ವೈದ್ಯರು ಯಾರು ಎಂದಾದರೂ ಕೇಳಿಕೊಳ್ಳಬಹುದು. ಗಡಿಯಲ್ಲಿ ಮೊಬೈಲು ಯಾವ ರಾಜ್ಯದ ಟವರ್ ಹಿಡಿದಿರುತ್ತದೋ ಹೇಳಲಾಗದು, ಆದ್ದರಿಂದ ಯಾರು ಎತ್ತಿದರೂ ಮೊದಲು ಜಿಲ್ಲೆ, ತಾಲೂಕು, ಊರು ಹೇಳಿ. ಜತ್ತ ತಾಲೂಕಿನ ಹಳ್ಳಿಗಳವರಿಗೆ ಸಲಾಯಿನ್ ಹಚ್ಚಿ ಎರಡು ದಿನ ನಾಯಿಯನ್ನು ನೋಡಿಕೊಳ್ಳುವಂಥ ಜಾಗ ಬೇಕೆಂದರೆ ಒಂದು ಕಡೆ ಸಾಂಗಲಿ, ಮಿರಜ, ಇನ್ನೊಂದು ಕಡೆ ವಿಜಯಪುರ. ಯಾವುದು ಹತ್ತಿರವೋ ಅಲ್ಲಿಗೆ ಹೋಗಿ, ನಾಯಿಗೆ ಗಡಿ ಗೊತ್ತಿಲ್ಲ. ಆದರೆ ಹೊರಡುವ ಮುಂಚೆ ಫೋನು ಮಾಡಿ, ನಾಯಿಯನ್ನು ನೋಡುತ್ತಾರೆಯೇ, ಡಾಕ್ಟರು ಇದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಮರಾಠಿ ಮಾತ್ರ ಬಲ್ಲ ವೈದ್ಯರಿಗೆ ‘ಕುತ್ರ್ಯಾನೇ ಬೇದಾಣೇ ಖಾಲ್ಲೇ ಆಹೇತ’ ಎಂದರೆ ಸಾಕು. ವಿಜಯಪುರದ ಕಡೆಯವರಿಗೆ ಮಣೂಕ ಅಥವಾ ಒಣದ್ರಾಕ್ಷಿ ಎನ್ನಿ. ಮೂತ್ರಪಿಂಡ ಎಂಬ ಪದ ಎರಡೂ ಭಾಷೆಗೆ ಒಂದೇ ಆಗಿರುವುದು ಇಂಥ ಹೊತ್ತಿಗೆ ಉಪಕಾರಕ್ಕೆ ಬರುತ್ತದೆ. ‘ಏನೋ ಸಿಹಿ ತಿಂದಿದೆ’ ಎಂದು ಮಾತ್ರ ಹೇಳಬೇಡಿ. ಹಾಗೆಂದರೆ ವಾಂತಿಯ ಔಷಧ ಕೊಟ್ಟು ಕಳಿಸಿಯಾರು. ಬೇದಾಣೆ ಎಂಬ ಪದ ಮೊದಲ ವಾಕ್ಯದಲ್ಲೇ ಬರಲಿ.

ಡಾಕ್ಟರು ಮೊದಲು ವಾಂತಿ ಮಾಡಿಸುವ ಚುಚ್ಚುಮದ್ದು ಕೊಡಬಹುದು. ತಿಂದ ಎರಡು ತಾಸಿನೊಳಗಾದರೆ ಒಳ್ಳೆಯದು. ಆದರೆ ಒಣದ್ರಾಕ್ಷಿ ಹೊಟ್ಟೆಯಲ್ಲಿ ನೀರು ಹೀರಿ ಉಬ್ಬಿ ತಡವಾಗಿ ಮುಂದೆ ಸರಿಯುವುದರಿಂದ ನಾಲ್ಕು ತಾಸು, ಆರು ತಾಸಾದ ಮೇಲೂ ಪ್ರಯತ್ನಿಸುವುದುಂಟು. ತಡವಾಯಿತು ಎಂದು ಕೈಚೆಲ್ಲಿ ಕೂಡಬೇಡಿ. ವಾಂತಿಯಲ್ಲಿ ಬಿದ್ದ ಕಾಳುಗಳನ್ನು ನೋಡಿ ಎಷ್ಟು ಹೊರಬಂತು ಎಂದು ಅಂದಾಜು ಮಾಡುತ್ತಾರೆ. ಹೆಚ್ಚು ತಿಂದಿದ್ದರೆ ಸುಮಾರು 48 ತಾಸು ಸಲಾಯಿನ್ ಹಚ್ಚಿ ಮೂತ್ರಪಿಂಡವನ್ನು ತೊಳೆಯುತ್ತಲೇ ಇರಬೇಕಾಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ಅಂದೇ ಒಮ್ಮೆ, ಮುಂದೆ ಮೂರು ದಿನದವರೆಗೆ ದಿನಕ್ಕೊಮ್ಮೆ ನೋಡುತ್ತಾರೆ. ಇದು ಖರ್ಚಿನ ಮಾತು, ಎರಡು ದಿನದ ಕೆಲಸ ಬಿಡುವ ಮಾತು, ನಿಜ. ಮೊದಲ ತಾಸುಗಳಲ್ಲೇ ವಾಂತಿ ಮಾಡಿಸಿದರೆ ಈ ಖರ್ಚಿನ ಬಹುಪಾಲು ತಪ್ಪಬಹುದು. ಮೂತ್ರ ನಿಂತ ಮೇಲೆ ಕರೆದೊಯ್ದ ನಾಯಿಗಳಲ್ಲಿ ಉಳಿಯುವುದು ಕಡಿಮೆ.

ಮನೆಗೆ ಕರೆತಂದ ಮೇಲೆ ಮೂರು ದಿನ ಮೂತ್ರದ ಮೇಲೆ ಕಣ್ಣಿರಲಿ. ಬಿಟ್ಟು ಸಾಕುವ ನಾಯಿಯನ್ನು ಕಟ್ಟಿಕೊಂಡೇ ಹೊರಗೆ ಒಯ್ಯಿರಿ, ಇಲ್ಲದಿದ್ದರೆ ಮಾಡಿತೋ ಇಲ್ಲವೋ ತಿಳಿಯುವುದಿಲ್ಲ. ಕುಡಿಯಲು ನೀರು ಯಾವಾಗಲೂ ಇರಲಿ.

ಬೇರೆ ಸಿಹಿಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಈಗ ಹಳ್ಳಿಯಲ್ಲೂ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಕೇಕು ಬಂದಿದೆ. ಕೋಕೋದಲ್ಲಿರುವ ಥಿಯೋಬ್ರೋಮಿನ್ ಎಂಬ ಪದಾರ್ಥವನ್ನು ನಾಯಿಯ ದೇಹ ಬಹಳ ನಿಧಾನ ಕರಗಿಸುತ್ತದೆ. ಕೆಲವು ತಾಸಿನಲ್ಲಿ ಚಡಪಡಿಕೆ, ವಾಂತಿ, ಜೋರು ಎದೆಬಡಿತ, ಹೆಚ್ಚಾದರೆ ಫಿಟ್ಸ್. ಬಣ್ಣ ಕಪ್ಪಾದಷ್ಟೂ ಅಪಾಯ ಹೆಚ್ಚು. 10 ಕಿಲೋದ ನಾಯಿಗೆ ತೊಂದರೆ ಸುರುವಾಗಲು ಹಾಲಿನ ಚಾಕೊಲೇಟ್ ಸುಮಾರು 100 ಗ್ರಾಂ ಬೇಕಾದರೆ ಕಪ್ಪು ಚಾಕೊಲೇಟ್ 40 ಗ್ರಾಂ, ಬರಿ ಕೋಕೋ ಪುಡಿ 10 ಗ್ರಾಂ ಸಾಕು. ಇಲ್ಲೂ ಮಾಡುವುದು ಅದೇ: ಸಮಯ, ತೂಕ, ಚೀಟಿ, ಫೋನು.

ಸಕ್ಕರೆ ಕಾಯಿಲೆಯವರಿಗೆಂದು ತರುವ ಸಿಹಿ ಮತ್ತು ಚ್ಯೂಯಿಂಗ್ ಗಮ್‌ನ ಚೀಟಿಯ ಮೇಲೆ ಕ್ಸೈಲಿಟಾಲ್ ಎಂದೋ 967 ಎಂಬ ಅಂಕಿಯೋ ಇದೆಯೇ ನೋಡಿ. ಅದಿದ್ದರೆ ಅರ್ಧ ತಾಸಿನಲ್ಲೇ ನಾಯಿಯ ರಕ್ತದ ಸಕ್ಕರೆ ಕುಸಿಯಬಹುದು, ಯಕೃತ್ತೂ ಕೆಡಬಹುದು. ತೂರಾಡಲು ಸುರುಮಾಡಿದರೆ ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ, ದಾರಿಯಲ್ಲೇ ಫೋನು ಮಾಡುತ್ತ ಹೊರಡಬೇಕು. ಬಾಕಿ ಹೋಳಿಗೆ, ಪೇಡೆ, ಶೇಂಗಾ ಉಂಡೆ ವಿಷವಲ್ಲ. ತುಪ್ಪ, ಬೆಲ್ಲ ಅತಿಯಾದರೆ ಭೇದಿ ಆಗುತ್ತದೆ. ಕೆಲವಕ್ಕೆ ಮೇದೋಜೀರಕ ಗ್ರಂಥಿ ಊದಿಕೊಂಡು ಹೊಟ್ಟೆನೋವಿಗೆ ಬೆನ್ನು ಬಾಗಿಸಿ ನಿಲ್ಲುತ್ತವೆ, ವಾಂತಿ ನಿಲ್ಲುವುದಿಲ್ಲ. ಅಂಥವನ್ನು ತೋರಿಸಲೇಬೇಕು.

ಕೊನೆಯದಾಗಿ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಾಯಿ ಸಿಹಿಯನ್ನು ಕದ್ದು ತಿನ್ನುವುದಿಲ್ಲ, ನಾವೇ ಇಡುತ್ತೇವೆ. ಮೈಲಾರಲಿಂಗನ, ಖಂಡೋಬನ ಒಕ್ಕಲಿನವರು ನಾಯಿಗೆ ಎಡೆಯ ತುತ್ತು ಹಾಕದೆ ತಾವು ಉಣ್ಣುವುದಿಲ್ಲ. ಆ ಸೇವೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಹುಗ್ಗಿಗೆ ಗೋಡಂಬಿ, ಬೇದಾಣೆಯನ್ನು ತುಪ್ಪದಲ್ಲಿ ಹುರಿದು ಕೊನೆಗೆ ಸುರಿಯುತ್ತೀರಲ್ಲ, ಆ ಒಗ್ಗರಣೆಗೆ ಮುಂಚೆ ಒಂದು ಸೌಟು ಬೇರೆ ತೆಗೆದಿಡಿ. ನಾಯಿಯ ಪಾಲು ಅದು. ದಾಸೋಹಕ್ಕೆ, ಮದುವೆಗೆ ದೊಡ್ಡ ಅಡುಗೆ ಮಾಡಿಸುವವರು ಭಟ್ಟರಿಗೂ ಈ ಮಾತು ಹೇಳಿಟ್ಟಿರಿ, ಬೋಗುಣಿಗಳನ್ನು ರಾತ್ರಿಯೇ ನೀರು ಹಾಕಿ ಎತ್ತರದಲ್ಲಿಡಲು ಒಬ್ಬರನ್ನು ಗೊತ್ತುಮಾಡಿ. ಬೇದಾಣೆ ಶೆಡ್ಡಿನಲ್ಲಿ ಉದುರಿದ, ಆರಿಸಿ ತೆಗೆದ ಕಾಳನ್ನು ನೆಲದ ಮೇಲೆ ರಾಶಿ ಬಿಡದೆ ಮುಚ್ಚಳದ ಡ್ರಮ್ಮಿಗೆ ತುಂಬಿ. ಶೆಡ್ಡು ಕಾಯಲು ರಾತ್ರಿಯಿಡೀ ಅಲ್ಲೇ ಮಲಗುವುದು ಅದೇ ನಾಯಿ.